ಅಂವಾ ಕಾಲು ಜಾರಿ ಬೀಳಲಿಲ್ಲ, ಕಾಳು ಎಳಕೊಂತು

ನಮ್ಮ ಹಳೆಯ ಡೈರಿಯಲ್ಲಿ ಒಂದು ಸುದ್ದಿಯ ಕರಡು ಈಗಲೂ ಇದೆ. ನಾಲ್ಕೇ ಸಾಲು. ಗೋದಾಮೊಂದರಲ್ಲಿ ಗೋವಿನಜೋಳದ ಹಾಪರ್‌ಗೆ ‘ಆಕಸ್ಮಿಕವಾಗಿ ಕಾಲು ಜಾರಿ ಬಿದ್ದು’ ಹಮಾಲರೊಬ್ಬರು ಮೃತಪಟ್ಟಿದ್ದಾರೆ, ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಬರೆದವರು ನಾವೇ. ಠಾಣೆಯಲ್ಲಿ ಹೇಳಿದ್ದನ್ನು ಬರೆದುಕೊಂಡೆವು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆವು. ಮರುದಿನ ಜಿಲ್ಲಾ ಪುಟದ ಮೂಲೆಯಲ್ಲಿ ಅಚ್ಚಾಯಿತು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು.

ವಾರದ ಮೇಲೆ ದರ ಬರೆದುಕೊಳ್ಳಲು ಎಪಿಎಂಸಿಗೆ ಹೋಗಿದ್ದಾಗ ವಯಸ್ಸಾದ ಹಮಾಲರೊಬ್ಬರು ಚಹಾದಂಗಡಿ ಮುಂದೆ ನಮ್ಮನ್ನು ನಿಲ್ಲಿಸಿದರು.

“ತಮ್ಮಾ, ಪೇಪರ್‌ನ್ಯಾಗ ಕಾಲು ಜಾರ್ತು ಅಂತ ಬರದೀರಿ. ಅಂವಾ ಜಾರಿಲ್ಲ. ಕಾಳಿನ ಮ್ಯಾಲ ನಿಂತಿದ್ದ. ಕೆಳಗ ಮಷಿನ್ ಚಾಲೂ ಇತ್ತು. ಕಾಳು ಎಳಕೊಂತು.”

“ಅಂದ್ರ ಹೆಂಗ ಕಾಕಾ?” ಅಂದೆವು.

“ಕೆಳಗ ತೂತಿದ್ರ ಕಾಳು ನೀರಿದ್ದಂಗ. ನೀರಾಗಿದ್ರ ಈಜಬಹುದಿತ್ತು. ಕಾಳಿನ್ಯಾಗ ಯಾರು ಈಜತಾರ?”

ಆ ಮಾತು ನಮ್ಮನ್ನು ಬಿಡಲಿಲ್ಲ. ಜಾರಿ ಬಿದ್ದರೆ ತಪ್ಪು ಕಾಲಿನದು, ಅಂದರೆ ಸತ್ತವನದು. ಕಾಳು ಎಳೆದುಕೊಂಡಿದ್ದರೆ ಕೆಳಗೆ ಮಷಿನ್ ಚಾಲೂ ಇಟ್ಟವರು ಯಾರು, ಮೇಲೆ ಹತ್ತು ಎಂದವರು ಯಾರು ಎಂಬ ಪ್ರಶ್ನೆ ಬರುತ್ತದೆ. ನಾವು ಬರೆದ ಎರಡು ಪದ ಆ ಪ್ರಶ್ನೆಯನ್ನೇ ಮುಚ್ಚಿಹಾಕಿತ್ತು. ಅದಕ್ಕೇ ಈ ಬರಹ.

ಸೇರು ಕುಲುಕಿದವರಿಗೆ ಗೊತ್ತಿರುವ ವಿಷಯ

ಕಾಳಿನ ಗುಣ ನಮ್ಮ ಊರಿನವರಿಗೆ ಹೊಸದಲ್ಲ. ಸೇರಿನಲ್ಲಿ ಅಳೆಯುತ್ತಿದ್ದ ಕಾಲದಲ್ಲಿ ಕೊಡುವವನು ಮೆಲ್ಲಗೆ ಸುರಿದು ಅಳೆಯುತ್ತಿದ್ದ, ಕೊಳ್ಳುವವನು ಕುಲುಕಿ ಅಳೆಯುತ್ತಿದ್ದ. ಜಗಳವೆಲ್ಲ ಅದಕ್ಕೇ. ಮೆಲ್ಲಗೆ ಸುರಿದ ಕಾಳಿನ ನಡುವೆ ಸುಮಾರು 40 ಭಾಗ ಗಾಳಿಯೇ ಇರುತ್ತದೆ. ಕುಲುಕಿದಾಗ ಕಾಳು ಸರಿದು ಆ ಸಂದಿಗೆ ಇಳಿಯುತ್ತದೆ, ಮಟ್ಟ ಕೆಳಗಾಗುತ್ತದೆ. ಚೀಲ ತುಂಬುವಾಗ ಎತ್ತಿ ಕುಕ್ಕುವುದೂ ಇದೇ ಕಾರಣಕ್ಕೆ.

ಚುರುಮುರಿ ಚೂಡಾ ಮಾಡಿ ಡಬ್ಬಿಗೆ ತುಂಬಿ ನಾಲ್ಕು ದಿನ ಬಿಡಿ. ಮೇಲೆ ಬರೀ ಚುರುಮುರಿ ಇರುತ್ತದೆ. ಪುಟಾಣಿ, ಖಾರ, ಉಪ್ಪು ಎಲ್ಲ ತಳ ಸೇರಿರುತ್ತವೆ. ಡಬ್ಬಿ ಅಲುಗಿದಾಗಲೆಲ್ಲ ಸಣ್ಣ ಸಣ್ಣ ಸಂದಿ ತೆರೆಯುತ್ತವೆ. ಆ ಸಂದಿಗೆ ಸಣ್ಣದು ಇಳಿಯುತ್ತದೆ, ದೊಡ್ಡದು ಇಳಿಯಲು ಜಾಗ ಸಾಲದೆ ಮೇಲೆಯೇ ಉಳಿಯುತ್ತದೆ. 1993ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇನ್ನೊಂದು ಕಾರಣವನ್ನೂ ತೋರಿಸಿದರು. ಡಬ್ಬಿಯನ್ನು ಮೇಲೆ ಕೆಳಗೆ ಕುಲುಕಿದರೆ ಒಳಗಿನ ಕಾಳು ನಡುವಿನಲ್ಲಿ ಮೇಲೇರಿ ಅಂಚಿನಲ್ಲಿ ಕೆಳಗಿಳಿಯುತ್ತದೆ, ಕುದಿಯುವ ನೀರಿನ ಹಾಗೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಅಗಲವಾದ ಬೋಗುಣಿಯ ತಳದಲ್ಲಿ ಒಂದು ಟೇಬಲ್ ಟೆನಿಸ್ ಚೆಂಡು ಇಟ್ಟು ಮೇಲೆ ಹೆಸರುಕಾಳು ತುಂಬಿ. ಕಾಳಿನ ಮೇಲೆ 200 ಗ್ರಾಂ ಕಬ್ಬಿಣದ ತೂಕದ ಬಟ್ಟು ಇಡಿ. ಸುಮ್ಮನೆ ಬಿಟ್ಟರೆ ಬಟ್ಟು ಎಷ್ಟು ಹೊತ್ತಾದರೂ ಅಲ್ಲೇ ಕುಳಿತಿರುತ್ತದೆ. ಈಗ ಬೋಗುಣಿಯನ್ನು ಎಡಕ್ಕೆ ಬಲಕ್ಕೆ ಜೋರಾಗಿ ಅಲ್ಲಾಡಿಸಿ. ಬಟ್ಟು ಮುಳುಗುತ್ತದೆ, ಚೆಂಡು ಮೇಲೆ ಬರುತ್ತದೆ. ಕಾಳು ಅದೇ, ಬಟ್ಟು ಅದೇ. ಅಲುಗಿದ್ದೊಂದೇ ವ್ಯತ್ಯಾಸ.

ಇದೇ ನಾವು ಹೇಳಬೇಕಾದ ಮೊದಲ ಮಾತು. ನಿಂತ ಕಾಳು ನೆಲದ ಹಾಗೆ. ಒಂದು ಕಾಳು ಇನ್ನೊಂದಕ್ಕೆ ಒರಗಿ, ಅದು ಮತ್ತೊಂದಕ್ಕೆ ಒರಗಿ ನಮ್ಮ ತೂಕ ಹೊರುತ್ತವೆ. ಅಲುಗಿದ ಅಥವಾ ಹರಿಯುವ ಕಾಳಿನಲ್ಲಿ ಆ ಆಸರೆ ಮುರಿದುಹೋಗುತ್ತದೆ. ಆಗ ಅದು ನೆಲವಾಗಿ ಉಳಿಯುವುದಿಲ್ಲ. ನಿನ್ನೆ ನಿಂತಿದ್ದೆ, ಏನೂ ಆಗಲಿಲ್ಲ ಎಂಬ ಅನುಭವ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನೆಲವೇ ಹೀಗೆ ಮಾಡಿದ್ದಿದೆ

1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಮೋತಿಹಾರಿಯಿಂದ ಸೀತಾಮಢಿ ದಾಟಿ ಮಧುಬನಿಯವರೆಗೆ ನೀರು ತುಂಬಿದ್ದ ಮರಳು ನೆಲ ಅಲುಗಿ ಗಟ್ಟಿತನ ಕಳೆದುಕೊಂಡಿತು. ಅಲ್ಲಿ ಮನೆಗಳು ಬಿದ್ದದ್ದು ಮಾತ್ರವಲ್ಲ, ವಾಲಿ ನೆಲದೊಳಗೆ ಇಳಿದವು. 1964ರ ಜೂನ್‌ನಲ್ಲಿ ಜಪಾನಿನ ನೀಗಾಟಾದಲ್ಲಿ ಹಲವು ಅಂತಸ್ತಿನ ವಸತಿ ಕಟ್ಟಡಗಳು ಗೋಡೆ ಒಡೆಯದೆಯೇ ಹಾಗೇ ಪಕ್ಕಕ್ಕೆ ಮಲಗಿದವು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಛ್ ರಣದ ನೆಲದಿಂದ ನೀರು, ಮರಳು ಚಿಮ್ಮಿ ಬಂದವು. ಕಟ್ಟಡವನ್ನೇ ಹೊರುವ ಮರಳು ಅಲುಗಿದಾಗ ಹೀಗಾಗುವುದಾದರೆ, ಹಾಪರ್‌ನೊಳಗಿನ ಜೋಳ ನಮ್ಮ 60 ಕಿಲೋ ದೇಹಕ್ಕೆ ಏನು ಮಾಡೀತು?

ಸಿನಿಮಾದಲ್ಲಿ ಹುದುಲು ಮರಳಿಗೆ ಬಿದ್ದವರು ತಲೆಯವರೆಗೆ ಮುಳುಗುವುದನ್ನು ನೋಡಿದ್ದೇವೆ. ಅದು ನಿಜವಲ್ಲ. ಆಮ್‌ಸ್ಟರ್‌ಡಾಂನ ಸಂಶೋಧಕರು 2005ರಲ್ಲಿ ಪರೀಕ್ಷಿಸಿ, ಮನುಷ್ಯ ಅದರಲ್ಲಿ ಸೊಂಟದ ಆಸುಪಾಸಿನವರೆಗೆ ಮಾತ್ರ ಇಳಿಯುತ್ತಾನೆ ಎಂದು ತೋರಿಸಿದರು. ನೀರು ಕೂಡಿದ ಮರಳು ಮನುಷ್ಯನ ದೇಹಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ. ಹಾಗಾಗಿ ದೇಹ ತೇಲುತ್ತದೆ. ಕಾಲು ಕೀಳುವುದು ಮಾತ್ರ ಬಲು ಕಷ್ಟ.

ಗೋವಿನಜೋಳದ ಲೆಕ್ಕ ಬೇರೆ. ಒಂದು ಘನ ಮೀಟರ್ ಜೋಳ ತೂಗುವುದು ಸುಮಾರು 720 ಕಿಲೋ, ಭತ್ತ ಇನ್ನೂ ಹಗುರ. ಮನುಷ್ಯನ ದೇಹ ಅಷ್ಟೇ ಜಾಗಕ್ಕೆ ಹೆಚ್ಚುಕಡಿಮೆ ನೀರಿನಷ್ಟು, ಅಂದರೆ 1000 ಕಿಲೋ. ಜೋಳದ ಲೆಕ್ಕದಲ್ಲಿ ನಾವೇ ಆ ಕಬ್ಬಿಣದ ಬಟ್ಟು. ಜೊತೆಗೆ ಕೆಳಗಿನಿಂದ ಕಾಳು ಖಾಲಿಯಾಗುತ್ತಿದ್ದರೆ ತೇಲುವ ಮಾತೇ ಇಲ್ಲ, ನಿಂತ ಜಾಗವೇ ಕೆಳಗಿಳಿಯುತ್ತಿರುತ್ತದೆ.

ಎಣಿಸಿ: ಒಂದು, ಎರಡು, ಮೂರು, ನಾಲ್ಕು

ಹಾಪರ್‌ನ ಅಥವಾ ತಗಡಿನ ಸೈಲೊದ ತಳದ ಬಾಗಿಲು ತೆರೆದಾಗ ಕಾಳು ಎಲ್ಲ ಕಡೆಯಿಂದ ಸಮನಾಗಿ ಇಳಿಯುವುದಿಲ್ಲ. ಬಾಗಿಲಿನ ನೇರ ಮೇಲಿನ ಕಂಬದಷ್ಟು ಕಾಳು ಮೊದಲು ಇಳಿಯುತ್ತದೆ. ಮೇಲ್ಗಡೆ ಆಲಿಕೆಯ ಹಾಗೆ ಕುಳಿ ಬೀಳುತ್ತದೆ. ಸುತ್ತಲಿನ ಕಾಳೆಲ್ಲ ಆ ಕುಳಿಗೆ ಜಾರುತ್ತದೆ. ಅಲ್ಲಿ ನಿಂತವನೂ ಅದರ ಜೊತೆ ಹೋಗುತ್ತಾನೆ.

ಇಂಥ ಅಪಘಾತಗಳ ದಾಖಲೆಯನ್ನು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ದಶಕಗಳಿಂದ ಇಟ್ಟುಕೊಂಡು ಬಂದಿದೆ. ಅಲ್ಲಿ ರೈತರಿಗೆ ಕೊಡುವ ತರಬೇತಿಯಲ್ಲಿ ಮೊದಲು ಹೇಳುವುದೇ ಈ ಲೆಕ್ಕ. ದೊಡ್ಡ ಮಷಿನ್ ಕಾಳು ಎಳೆಯುತ್ತಿದ್ದಾಗ ಮೇಲೆ ನಿಂತವರು ನಾಲ್ಕೈದು ಸೆಕೆಂಡಿನಲ್ಲಿ ತಾವಾಗಿ ಹೊರಬರಲಾಗದಷ್ಟು ಸಿಕ್ಕಿಬೀಳುತ್ತಾರೆ. ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಪೂರ್ತಿ ಮುಳುಗುತ್ತಾರೆ. “ಮಷಿನ್ ಬಂದ್ ಮಾಡ್ರೋ” ಎಂದು ಕೂಗಿ, ಕೆಳಗಿನವರಿಗೆ ಕೇಳಿ, ಅವರು ಸ್ವಿಚ್ ಹತ್ತಿರ ಓಡುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ.

ಸಿಕ್ಕಿಬಿದ್ದವರನ್ನು ಎಳೆದು ತೆಗೆಯಬಹುದಲ್ಲ ಎನ್ನುತ್ತೀರಿ. ಕಾಳು ಸುತ್ತಲಿಂದ ಒತ್ತುತ್ತದೆ, ಬಟ್ಟೆಯನ್ನೂ ಮೈಯನ್ನೂ ಹಿಡಿದುಕೊಳ್ಳುತ್ತದೆ. ಸೊಂಟದವರೆಗೆ ಹೂತವರನ್ನು ಎಳೆಯಲು 50 ಕಿಲೋದ ಮೂರು ಚೀಲ ಒಟ್ಟಿಗೆ ಎತ್ತುವಷ್ಟು ಅಥವಾ ಅದಕ್ಕೂ ಹೆಚ್ಚು ಬಲ ಬೇಕು. ತಲೆಯವರೆಗೆ ಹೂತರೆ ಎಂಟು ಚೀಲ. ಕೈ ಹಿಡಿದು ಜಗ್ಗಿದರೆ ತೋಳು, ಬೆನ್ನು ಹೋಗುತ್ತದೆ, ಮನುಷ್ಯ ಬರುವುದಿಲ್ಲ. ಎದೆಯವರೆಗೆ ಕಾಳು ಬಂದಿದ್ದರೆ ಇನ್ನೊಂದು ಕಷ್ಟ. ಪ್ರತಿ ಸಲ ಉಸಿರು ಬಿಟ್ಟಾಗ ಎದೆ ಇಳಿಯುತ್ತದೆ, ಆ ಸಂದಿಗೆ ಕಾಳು ತುಂಬುತ್ತದೆ. ಮುಂದಿನ ಉಸಿರಿಗೆ ಎದೆ ಅಷ್ಟು ಅಗಲುವುದಿಲ್ಲ.

ಇನ್ನೊಂದು ಮೋಸವಿದೆ. ಹಸಿ ಇದ್ದ ಕಾಳು ಬೂಸಲು ಬಂದು ಮೇಲ್ಗಡೆ ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಕೆಳಗೆ ಕಾಳು ಇಳಿದುಹೋಗಿ ಪೊಳ್ಳಾಗಿರುತ್ತದೆ. ಕಾಳು ಬರುತ್ತಿಲ್ಲ, ಮೇಲೆ ಹತ್ತಿ ತುಳಿ ಎಂದು ಹೇಳುವುದು ಇಂಥ ಹೊತ್ತಿನಲ್ಲೇ. ಹತ್ತಿದವನ ಕಾಲ ಕೆಳಗೆ ಪದರ ಮುರಿಯುತ್ತದೆ. ನಾವು ಬರೆದ ಆ ನಾಲ್ಕು ಸಾಲಿನ ಸುದ್ದಿಯಲ್ಲೂ ಅವರು ಒಳಗೆ ಇಳಿದದ್ದು ಕಟ್ಟಿಕೊಂಡ ಕಾಳು ಬಿಡಿಸಲಿಕ್ಕೇ ಅಂತೆ. ಅದನ್ನು ನಾವು ಆಗ ಕೇಳಿಯೇ ಇರಲಿಲ್ಲ.

ನಮ್ಮಲ್ಲಿ ಇದು ದೂರದ ಮಾತಲ್ಲ

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಗೋವಿನಜೋಳ ತುಂಬಿದ್ದ ಶೇಖರಣಾ ವ್ಯವಸ್ಥೆ ಕುಸಿಯಿತು. ಕಾರ್ಮಿಕರು ರಾಶಿಯ ಕೆಳಗೆ ಸಿಕ್ಕರು. ರಕ್ಷಣಾ ಕೆಲಸ ಮರುದಿನದವರೆಗೆ ನಡೆಯಿತು. 7 ಮಂದಿ ಸತ್ತರು. ಎಲ್ಲರೂ ಬಿಹಾರದಿಂದ ದುಡಿಯಲು ಬಂದವರು. ಅಲ್ಲಿ ಆದದ್ದು ಕುಸಿತ, ನಾವು ಮೇಲೆ ಹೇಳಿದ್ದು ಮುಳುಗುವುದು, ಎರಡೂ ಒಂದೇ ಅಲ್ಲ. ಆದರೆ ಕಾಳಿನ ಅಡಿ ಸಿಕ್ಕ ಮನುಷ್ಯನನ್ನು ತೆಗೆಯುವುದು ಎಷ್ಟು ಕಷ್ಟ ಎಂಬುದನ್ನು ಇಡೀ ರಾಜ್ಯ ಆ ರಾತ್ರಿ ನೋಡಿತು. ನಾಲ್ಕು ದಿನ ಸುದ್ದಿಯಾಯಿತು. ಆಮೇಲೆ ನಾವೂ ಮರೆತೆವು.

ಹಾವೇರಿ, ದಾವಣಗೆರೆ ಕಡೆ ಗೋವಿನಜೋಳದ ಸುಗ್ಗಿ ಬಂದರೆ ರಸ್ತೆಯ ಮೇಲೆ, ಕಣದಲ್ಲಿ, ಎಪಿಎಂಸಿ ಕಟ್ಟೆಯಲ್ಲಿ ಎಲ್ಲೆಲ್ಲೂ ರಾಶಿ. ಮೊದಲು ಇದೆಲ್ಲ ಚೀಲದ ಕೆಲಸವಾಗಿತ್ತು. ಈಗ ಟ್ರೇಲರ್‌ಗೆ ಸಡಿಲವಾಗಿ ತುಂಬುವುದು, ಹಾಪರ್‌ಗೆ ಸುರಿಯುವುದು, ಎಲಿವೇಟರ್‌ನಲ್ಲಿ ಮೇಲಕ್ಕೆ ಹೊತ್ತು ಒಣಗಿಸುವ ಯಂತ್ರಕ್ಕೆ ಹಾಕುವುದು ಹೆಚ್ಚಾಗಿದೆ. ಕೆಲಸ ಬೇಗ ಆಗುತ್ತದೆ, ಬೆನ್ನು ಉಳಿಯುತ್ತದೆ, ಒಳ್ಳೆಯದೇ. ಆದರೆ ಚೀಲದ ಕಾಲದಲ್ಲಿ ಇಲ್ಲದ ಅಪಾಯ ಈಗ ಬಂದಿದೆ. ಮಷಿನ್ ಬಂತು, ಅದರ ಜೊತೆ ಬರಬೇಕಾದ ಎಚ್ಚರ ಬರಲಿಲ್ಲ.

ಎಚ್ಚರ ನಮ್ಮ ಹಿರಿಯರಿಗೆ ಇತ್ತು. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿ ಆಡಲು ಬಿಡುತ್ತಿದ್ದರು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಯಾವ ಇಲಾಖೆಯೂ ಅದನ್ನು ಹೇಳಿಕೊಡಲಿಲ್ಲ, ಯಾರೋ ಸತ್ತ ಮೇಲೆ ಊರು ಕಲಿತ ಪಾಠ ಅದು. ಹಾಪರ್‌ಗೂ ಅಂಥದೊಂದು ನೇಮ ನಮ್ಮ ಊರುಗಳಲ್ಲಿ ಹುಟ್ಟಬೇಕು.

ಕಾನೂನು ಎಲ್ಲಿ ನಿಲ್ಲುತ್ತದೆ

ನೆಲದಲ್ಲಿರುವ ಅಪಾಯದ ಗುಂಡಿ, ತೊಟ್ಟಿ, ಬಾಯಿಗಳನ್ನು ಮುಚ್ಚಬೇಕು ಅಥವಾ ಬೇಲಿ ಹಾಕಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯ 33ನೇ ಸೆಕ್ಷನ್‌ನಲ್ಲೇ ಬರೆದಿಟ್ಟಿದ್ದರು. ಆದರೆ ಆ ಕಾಯ್ದೆಯ ‘ಕಾರ್ಖಾನೆ’ ಎಂಬ ಪದಕ್ಕೆ ಇಷ್ಟು ಜನ ಕೆಲಸಗಾರರು ಇರಬೇಕು ಎಂಬ ಲೆಕ್ಕವಿತ್ತು. ಆರು ಜನ ಹಮಾಲರು, ಒಂದು ಹಾಪರ್, ಒಂದು ತಗಡಿನ ಶೆಡ್ ಇರುವ ಜಾಗ ಆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ನಾವು ಕಂಡಿರುವುದು ಹೆಚ್ಚಾಗಿ ಇಂಥ ಜಾಗಗಳೇ.

ರಾಶಿ ಮಷಿನ್‌ಗೆ ಕೈ ಸಿಕ್ಕಿ ಎಷ್ಟೋ ಜನ ಕೈ ಕಳೆದುಕೊಂಡ ಮೇಲೆ ಕೇಂದ್ರ ಸರ್ಕಾರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ತಂದಿತು. ಹಾಪರ್‌ಗೆ ಅಷ್ಟು ಗಮನ ಸಿಗಲಿಲ್ಲ. ಅಮೆರಿಕದಲ್ಲಿ 1987ರ ನಿಯಮವೇ ಇದೆ: ಕಾಳಿನ ಕಣಜಕ್ಕೆ ಇಳಿಯುವ ಮುನ್ನ ಮಷಿನ್ ಬಂದ್ ಮಾಡಿ ಮತ್ತೆ ಚಾಲೂ ಆಗದ ಹಾಗೆ ಬೀಗ ಹಾಕಬೇಕು, ಕಾಳು ಹರಿಸಲು ಮೇಲೆ ನಿಂತು ತುಳಿಯಬಾರದು. ನಿಯಮ ಇದ್ದೂ ಅಲ್ಲಿ ಸಾವು ಪೂರ್ತಿ ನಿಂತಿಲ್ಲ, ನಿಜ. ಆದರೆ ‘ಕಾಲು ಜಾರಿತು’ ಎಂದು ಕಡತ ಮುಚ್ಚಲು ಅಲ್ಲಿ ಇಷ್ಟು ಸುಲಭವಿಲ್ಲ.

ಒಂದು ವಿಷಯ ಎಲ್ಲ ಹಮಾಲರ ಮನೆಯವರಿಗೂ ಗೊತ್ತಿರಲಿ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದ ಬಂದ ತತ್ವ ಇದು: ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಆದ ಅಪಘಾತದಲ್ಲಿ ಕಾರ್ಮಿಕ ಸತ್ತರೆ ಮಾಲೀಕರು ಪರಿಹಾರ ಕೊಡಬೇಕು. ‘ಅವನದೇ ತಪ್ಪು, ಹೇಳಿದ ಮಾತು ಕೇಳಲಿಲ್ಲ’ ಎಂಬ ಕಾರಣ ಸಾವಿನ ಪ್ರಕರಣದಲ್ಲಿ ಮಾಲೀಕರನ್ನು ಬಿಡಿಸುವುದಿಲ್ಲ. ಹಾಗಾಗಿ ಯಾರಾದರೂ ಮನೆಗೆ ಬಂದು ಒಂದಿಷ್ಟು ಹಣ ಕೊಟ್ಟು ಕಾಗದಕ್ಕೆ ಸಹಿ ಕೇಳಿದರೆ, ಸಹಿ ಹಾಕುವ ಮುನ್ನ ಕಾರ್ಮಿಕ ಇಲಾಖೆಯ ಕಚೇರಿಗೆ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ.

ನಾವು ಕೇಳುವುದು ದೊಡ್ಡದೇನಲ್ಲ

ಒಂದು, ಪ್ರತಿ ಹಾಪರ್ ಬಾಯಿಗೆ ಕಬ್ಬಿಣದ ಜಾಲರಿ. ಕಾಳು ಇಳಿಯಬೇಕು, ಮನುಷ್ಯ ಇಳಿಯಬಾರದು. ಊರಿನ ವೆಲ್ಡಿಂಗ್ ಅಂಗಡಿಯವರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ.

ಎರಡು, ಕಟ್ಟಿಕೊಂಡ ಕಾಳನ್ನು ಹೊರಗೆ ನಿಂತು ಉದ್ದ ಬಿದಿರು ಗಳದಿಂದ ಬಿಡಿಸುವುದು. ಒಳಗೆ ಇಳಿಯಲೇಬೇಕಾದರೆ ಮಷಿನ್ ಬಂದ್ ಮಾಡಿ, ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ, ಬೀಗದ ಕೈ ಇಳಿಯುವವರ ಜೇಬಿನಲ್ಲೇ ಇರಬೇಕು. ಮಾಲೀಕರ ಜೇಬಿನಲ್ಲಲ್ಲ.

ಮೂರು, ಒಬ್ಬರೇ ಇಳಿಯಬಾರದು. ಇಳಿಯುವವರ ಮೈಗೆ ಪಟ್ಟಿ, ಹಗ್ಗ, ಹಗ್ಗದ ತುದಿ ಮೇಲೆ ಗಟ್ಟಿ ತೊಲೆಗೆ. ಹೊರಗೆ ಒಬ್ಬರು ಅದನ್ನೇ ನೋಡುತ್ತ ನಿಂತಿರಬೇಕು.

ನಾಲ್ಕು, ಲೈಸೆನ್ಸ್ ಕೊಡುವಾಗ, ನವೀಕರಿಸುವಾಗ ಈ ಮೂರೂ ಇವೆಯೇ ಎಂದು ಎಪಿಎಂಸಿ ನೋಡಬೇಕು. ಸುಗ್ಗಿಗೆ ಮುಂಚೆ ಅಗ್ನಿಶಾಮಕ ಠಾಣೆಯವರು ಹಮಾಲರಿಗೆ ಅರ್ಧ ದಿನ ತರಬೇತಿ ಕೊಡಬೇಕು.

ಐದು, ಮಕ್ಕಳು. ಟ್ರೇಲರ್‌ನ ಕಾಳಿನ ಮೇಲೆ ಕುಳಿತು ಬರುವುದು ನಮಗೂ ಚಿಕ್ಕಂದಿನಲ್ಲಿ ಹಬ್ಬವಾಗಿತ್ತು. ಹಿಂದಿನ ಬಾಗಿಲು ತೆಗೆದು ಕಾಳು ಇಳಿಸುವಾಗ ಮೇಲೆ ಮಗು ಇದ್ದರೆ ಏನಾಗುತ್ತದೆ ಎಂದು ಆಗ ಯಾರೂ ಯೋಚಿಸಿರಲಿಲ್ಲ. ಈಗ ಯೋಚಿಸೋಣ. ಮನೆ ಕಟ್ಟಲು ತಂದು ಹಾಕಿದ ಮರಳಿನ ಗುಡ್ಡೆಯಲ್ಲಿ ಬಿಲ ತೋಡಿ ಆಡುವುದೂ ಅಷ್ಟೇ. ಒಣ ಮರಳು ಒಂದು ಘನ ಮೀಟರಿಗೆ 1500 ಕಿಲೋಗೂ ಹೆಚ್ಚು ತೂಗುತ್ತದೆ.

ಯಾರಾದರೂ ಸಿಕ್ಕಿಬಿದ್ದರೆ

ಮೊದಲು ಮಷಿನ್ ಬಂದ್. 112ಕ್ಕೆ ಫೋನ್. ಕಾಪಾಡಲು ಎಂದು ಇನ್ನೊಬ್ಬರು ಹಾರಬೇಡಿ, ಅವರ ತೂಕದಿಂದ ಇನ್ನಷ್ಟು ಕಾಳು ಜಾರಿ ಮೊದಲಿನವರ ಮೇಲೆಯೇ ಬೀಳುತ್ತದೆ. ಜಗ್ಗಬೇಡಿ. ಸಿಕ್ಕಿದವರಿಗೆ ಎರಡೂ ಕೈ ಎದೆಯ ಮುಂದೆ ಮಡಚಿಕೊಳ್ಳಲು ಹೇಳಿ, ಉಸಿರಾಡಲು ಸ್ವಲ್ಪ ಜಾಗ ಉಳಿಯುತ್ತದೆ. ಕಾಳಿನ ಮೇಲೆ ಹಲಗೆ ಹಾಸಿ, ಅದರ ಮೇಲಿಂದ ಹತ್ತಿರ ಹೋಗಿ. ಅವರ ಸುತ್ತ ಪ್ಲೈವುಡ್ ಹಲಗೆ, ತಗಡು ಅಥವಾ ಎರಡೂ ಕಡೆ ಕತ್ತರಿಸಿದ ದೊಡ್ಡ ಡ್ರಮ್ ಇಳಿಸಿ ಗೋಡೆಯ ಹಾಗೆ ಮಾಡಿ. ಹೊರಗಿನ ಕಾಳು ಒಳಗೆ ಬರುವುದು ನಿಲ್ಲುತ್ತದೆ. ಆಮೇಲೆ ಒಳಗಿನ ಕಾಳನ್ನು ಬಕೆಟ್‌ನಲ್ಲಿ, ಬೋಗುಣಿಯಲ್ಲಿ ತೋಡಿ ತೆಗೆಯಿರಿ. ಕಾಳು ಮೊಣಕಾಲಿನವರೆಗೆ ಇಳಿದ ಮೇಲೆ ಮನುಷ್ಯ ಬರುತ್ತಾನೆ.

ಈ ಒಂದು ಪ್ಯಾರಾವನ್ನಾದರೂ ನಿಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಓದಲು ಬಾರದ ಹಮಾಲರಿಗೆ ಓದಿ ಹೇಳಿ.

ನಮ್ಮ ಪಾಲಿನ ಕೆಲಸ

ಕೊನೆಗೆ ನಮ್ಮಂಥ ಅರೆಕಾಲಿಕ ವರದಿಗಾರರ ಮಾತು. ಒಂದು ಸುದ್ದಿಗೆ ನಮಗೆ ಸಿಗುವ ದುಡ್ಡು ಪೆಟ್ರೋಲಿಗೂ ಸಾಲುವುದಿಲ್ಲ ಎಂಬುದು ನಿಜ. ಸ್ಥಳಕ್ಕೆ ಹೋಗದೆ ಠಾಣೆಯಿಂದಲೇ ಬರೆಯುತ್ತೇವೆ ಎಂಬುದೂ ನಿಜ. ಆದರೆ ‘ಆಕಸ್ಮಿಕವಾಗಿ ಕಾಲು ಜಾರಿ’ ಎಂಬ ಪದ ಪೊಲೀಸರ ಕಾಗದದಿಂದ ನಮ್ಮ ಸುದ್ದಿಗೆ, ನಮ್ಮ ಸುದ್ದಿಯಿಂದ ಜನರ ಬಾಯಿಗೆ ಬರುತ್ತದೆ. ಅಲ್ಲಿಂದ ಆ ಮನೆಯ ಹೆಣ್ಣುಮಗಳ ಕಿವಿಗೂ ಬೀಳುತ್ತದೆ. ಗಂಡ ಎಚ್ಚರ ತಪ್ಪಿ ಸತ್ತ ಎಂದು ಅವರು ಜೀವಮಾನವಿಡೀ ನಂಬಿಕೊಂಡಿರುತ್ತಾರೆ. ಅದು ನಾವು ಹೇಳಿದ ಸುಳ್ಳು.

ಆ ಹಮಾಲ ಕಾಕಾ ಈಗಲೂ ಸಿಗುತ್ತಾರೆ. ಕಳೆದ ಸುಗ್ಗಿಯಲ್ಲಿ ಅವರು ಕೆಲಸ ಮಾಡುವ ಜಾಗದ ಹಾಪರ್‌ಗೆ ಜಾಲರಿ ಬಂದಿದೆ. ಹಮಾಲರೆಲ್ಲ ಸೇರಿ, ಜಾಲರಿ ಹಾಕದೆ ಚೀಲ ಬಿಚ್ಚುವುದಿಲ್ಲ ಎಂದು ಒಂದು ದಿನ ಕುಳಿತರಂತೆ. ಮಾಲೀಕರು ಸಂಜೆಯೊಳಗೆ ಹಾಕಿಸಿದರಂತೆ.

ನಾವು ಡೈರಿಯ ಮೊದಲ ಪುಟದಲ್ಲಿ ಒಂದು ಸಾಲು ಬರೆದಿಟ್ಟುಕೊಂಡಿದ್ದೇವೆ. ಇಂಥ ಸುದ್ದಿ ಬಂದಾಗ ಹೆಸರು, ವಯಸ್ಸು, ಊರು ಕೇಳುವುದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಅದು: ಮಷಿನ್ ಚಾಲೂ ಇತ್ತಾ?